ಶೇಂಗಾ ಬಿಟ್ಟ ಮೂವತ್ತು ದಿನ: ಅಗಸಿ, ಗುರೆಳ್ಳು, ಎಳ್ಳು, ಚಿಯಾ

ಧಾನ್ಯ, ಬೇಳೆಕಾಳು, ಹಾಲಿನ ಪದಾರ್ಥ, ಸಕ್ಕರೆ ಮತ್ತು ಮದ್ಯವನ್ನು ಮೂವತ್ತು ದಿನ ಸಂಪೂರ್ಣವಾಗಿ ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತಿಂದು ದೇಹಕ್ಕೆ ಯಾವುದು ಒಗ್ಗುವುದಿಲ್ಲ ಎಂದು ನೋಡುವ ‘ಹೋಲ್ ಥರ್ಟಿ’ ಎಂಬ ಆಹಾರಕ್ರಮವು 2009ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅದನ್ನು ಕಲಬುರಗಿಯಲ್ಲಿ ಪಾಲಿಸುವುದೆಂದರೆ ಜೋಳದ ರೊಟ್ಟಿಯನ್ನೂ ತೊಗರಿಬೇಳೆಯನ್ನೂ ಒಂದೇ ದಿನ ತಾಟಿನಿಂದ ಎತ್ತಿಟ್ಟಂತೆ. ಹೊಟ್ಟೆಯುಬ್ಬರದ ಕಾರಣ ತಿಳಿಯಲೆಂದು ನಾನು ಇದಕ್ಕೆ ಇಳಿದಾಗ ರೊಟ್ಟಿಗಿಂತ ಹೆಚ್ಚು ಕಾಡಿದ್ದು ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ ಕೊರತೆ. ನಾವು ಎಣ್ಣೆಕಾಳೆಂದು ಎಣಿಸಿದರೂ ಶೇಂಗಾ ಸಸ್ಯಶಾಸ್ತ್ರದ ಲೆಕ್ಕದಲ್ಲಿ ತೊಗರಿಯ ಬಳಗದ್ದೇ ಆದ್ದರಿಂದ ಅದಕ್ಕೆ ಅಲ್ಲಿ ಜಾಗವಿಲ್ಲ.

ಅಗಸಿ, ಎಳ್ಳು ಮತ್ತು ಚಿಯಾಕ್ಕೆ ಅನುಮತಿ ಇದೆ. ಗುರೆಳ್ಳಿನ (ಹುಚ್ಚೆಳ್ಳಿನ) ಹೆಸರು ನಾನು ನೋಡಿದ ಪಟ್ಟಿಯಲ್ಲಿ ಇರಲಿಲ್ಲವಾದರೂ, ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದರಿಂದ ಮತ್ತು ಸೂರ್ಯಕಾಂತಿ ಬೀಜ ನಡೆಯುವುದರಿಂದ ಅದನ್ನೂ ಸೇರಿಸಿಕೊಂಡೆ. ಏಕಾದಶಿಯ ಉಪವಾಸಕ್ಕೆ ನಡೆಯುವ ರಾಜಗಿರಿ ಮಾತ್ರ ಇಲ್ಲಿ ಕಿನೋವಾದೊಂದಿಗೆ ಧಾನ್ಯದ ಸಾಲಿಗೆ ಸೇರಿ ಹೊರಗುಳಿಯುತ್ತದೆ.

ಮೊದಲು ನೆಚ್ಚಿಕೊಂಡದ್ದು ಅಗಸಿಯನ್ನು. ಅದರ ಕೊಬ್ಬಿನಲ್ಲಿ ಅರ್ಧದಷ್ಟು ಸಸ್ಯಮೂಲದ ಒಮೆಗಾ-3 ಎಂಬ ಕೊಬ್ಬಿನಾಮ್ಲ ಆಗಿದೆ. ಆದರೆ ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಬಹುಪಾಲು ಹಾಗೆಯೇ ಹೊರಹೋಗುತ್ತದೆ, ಕುಟ್ಟಿಟ್ಟರೆ ಬೇಗನೆ ಕಮಟುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಅರ್ಧ ಕಿಲೋ ಹಿಂಡಿಯನ್ನು ಒಮ್ಮೆಲೇ ಮಾಡಿಟ್ಟು ಎರಡನೇ ವಾರಕ್ಕೆ ಕೈ ಸುಟ್ಟುಕೊಂಡೆ. ಆಮೇಲೆ ನಾಲ್ಕು ದಿನಕ್ಕೆ ಸಾಲುವಷ್ಟನ್ನೇ ಹುರಿದು ಕುಟ್ಟತೊಡಗಿದೆ. ಅಗಸಿ ಹಿಟ್ಟಿಗೆ ಮೊಟ್ಟೆ ಕಲಸಿ ಹೆಂಚಿನ ಮೇಲೆ ರೊಟ್ಟಿಯಂಥದೊಂದನ್ನೂ ಮಾಡಿದೆ. ರುಚಿಯೇನೋ ಸಾಧಾರಣವಾಗಿತ್ತು, ಆದರೆ ಅನುಮತಿಯಿರುವ ಪದಾರ್ಥಗಳಿಂದಲೇ ಆದರೂ ರೊಟ್ಟಿ, ಬ್ರೆಡ್ಡು, ಬಿಸ್ಕೀಟುಗಳ ಅನುಕರಣೆ ಕೂಡದೆಂಬ ನಿಯಮ ಆ ಕ್ರಮದಲ್ಲಿದೆ ಎಂಬುದು ತಿಂದ ಮೇಲೆ ತಿಳಿಯಿತು.

ಚಿಯಾ ಮೆಕ್ಸಿಕೋ ಕಡೆಯ ಬೀಜ. ಇಲ್ಲಿ ಅದು ಅಗಸಿಗಿಂತ ಬಹಳ ದುಬಾರಿ. ತನ್ನ ತೂಕದ ಹತ್ತು ಪಟ್ಟು ನೀರು ಹೀರಿ ಲೋಳೆಯಾಗುವ ಈ ಬೀಜದ 100 ಗ್ರಾಮಿನಲ್ಲಿ ಸುಮಾರು 34 ಗ್ರಾಮ್ ನಾರು ಇರುತ್ತದೆ. ತೆಂಗಿನ ಹಾಲಿನಲ್ಲಿ ನೆನೆಸಿ ಬೆಳಿಗ್ಗೆ ಎರಡು ದೊಡ್ಡ ಚಮಚದಂತೆ ತಿಂದ ಮೊದಲ ವಾರದಲ್ಲಿ, ಯಾವ ಉಬ್ಬರದ ಕಾರಣ ಹುಡುಕಲು ಹೊರಟಿದ್ದೆನೋ ಅದೇ ಇನ್ನಷ್ಟು ಜೋರಾಯಿತು. ನಿಯಮಕ್ಕೆ ಒಪ್ಪುವ ಬೀಜವೇ ಪರೀಕ್ಷೆಯನ್ನು ಕೆಡಿಸಬಲ್ಲದೆಂದು ಆಗ ಹೊಳೆಯಿತು. ಎಂಟನೇ ದಿನ ಚಿಯಾ ನಿಲ್ಲಿಸಿದೆ. ನಾರನ್ನು ರೂಢಿ ಮಾಡಿಕೊಂಡವರಿಗೆ ಹೀಗಾಗಲಿಕ್ಕಿಲ್ಲ.

ಎಳ್ಳಿನ ಬಗ್ಗೆ ಹೇಳುವುದು ಕಡಿಮೆ. ಸಿಪ್ಪೆಸಹಿತ ಎಳ್ಳಿನಲ್ಲಿ ಸುಣ್ಣದಂಶ ಹೇರಳವಾಗಿದೆ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಬಹಳ ಇಳಿಯುತ್ತದೆ. ನನಗೆ ಅದರ ವಾಸನೆ ಬಂದೊಡನೆ ಬೆಲ್ಲವೇ ನೆನಪಾಗುತ್ತಿತ್ತು, ಆದ್ದರಿಂದ ಪಲ್ಯದ ಮೇಲೆ ಉದುರಿಸುವುದಕ್ಕಷ್ಟೇ ಇಟ್ಟುಕೊಂಡೆ.

ಶೇಂಗಾದ ಜಾಗವನ್ನು ನಿಜವಾಗಿ ತುಂಬಿದ್ದು ಗುರೆಳ್ಳು. ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಮತ್ತು ಉಪ್ಪಿನೊಂದಿಗೆ ಕುಟ್ಟಿ ಬದನೆಕಾಯಿ ಎಣ್ಣೆಗಾಯಿಗೆ ತುಂಬಿದಾಗ ಮನೆಯವರಾರೂ ಶೇಂಗಾ ಕೇಳಲಿಲ್ಲ. ದಿನಕ್ಕೆ ಒಂದು ಚಮಚಕ್ಕಿಂತ ಹೆಚ್ಚು ತಿನ್ನಲು ಅದರ ಸಣ್ಣ ಕಹಿಯೇ ಬಿಡುವುದಿಲ್ಲವಾದ್ದರಿಂದ ಹೊಟ್ಟೆಯೂ ಸುಮ್ಮನಿತ್ತು. ಇದನ್ನು ಮನೆಯಲ್ಲೇ ಕುಟ್ಟಬೇಕು. ಅಂಗಡಿಯೊಂದರಿಂದ ತಂದ ಹಿಂಡಿಯಲ್ಲಿ ಪುಠಾಣಿ ಬೆರೆತಿತ್ತು. ಪುಠಾಣಿಯೆಂದರೆ ಹುರಿಗಡಲೆ, ಅಂದರೆ ಮತ್ತೆ ಬೇಳೆಕಾಳೇ.

ಜೀರಿಗೆ, ಸಾಸಿವೆ, ಕೊತ್ತಂಬರಿ ಕಾಳನ್ನೂ ಬಿಡಿಸುವ ‘ಆಟೊಇಮ್ಯೂನ್ ಪ್ರೋಟೊಕಾಲ್’ ಎಂಬ ಇನ್ನೊಂದು ಕಠಿಣ ಕ್ರಮವಿದೆ. ಅದರಲ್ಲಿ ಈ ನಾಲ್ಕೂ ಬೀಜಗಳು ಮೊದಲ ಹಂತದಲ್ಲಿ ನಿಷಿದ್ಧ. ಒಗ್ಗರಣೆಯೇ ಇಲ್ಲದ ಅಡುಗೆಗೆ ನಾನು ಕೈಹಾಕಲಿಲ್ಲ.

ಮೂವತ್ತೊಂದನೆಯ ದಿನ ತೊಗರಿಬೇಳೆ ಉಂಡೆ, ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಶೇಂಗಾ ಹಿಂಡಿ ತಿಂದ ಸಂಜೆ ಹೊಟ್ಟೆ ಉಬ್ಬಿತು. ಎಣ್ಣೆಗಾಯಿಯಲ್ಲಿ ಈಗಲೂ ಗುರೆಳ್ಳೇ ಇದೆ.