ಒಲೆಯ ಹಿಂದೆ ಗಾಜು ಹಾಕಿಸುವವರು ದಯವಿಟ್ಟು ಇದನ್ನು ಓದಿ

ಪೂರ್ತಿ ಓದುವಷ್ಟು ಸಮಯ ಎಲ್ಲರಿಗೂ ಇರುವುದಿಲ್ಲ ಎಂದು ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಬದಲು ಬಣ್ಣದ ಗಾಜು ಹಾಕಿಸುತ್ತಿದ್ದೀರಾ? ಟಫನ್ಡ್ ಗಾಜು, ಅಂದರೆ ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜು ಎಂದು ಹೇಳಿ ತಂದ ಶೀಟಿಗೆ ನಿಮ್ಮ ಮನೆಯಲ್ಲೇ ಪ್ಲಗ್ ಪಾಯಿಂಟಿನ ಕಿಂಡಿ ಕೊರೆಯಲು ಶುರುಮಾಡಿದರೆ ಆ ಕ್ಷಣವೇ ಕೆಲಸ ನಿಲ್ಲಿಸಿ. ಅದು ಟಫನ್ಡ್ ಗಾಜಲ್ಲ, ಆಗಿರಲು ಸಾಧ್ಯವೇ ಇಲ್ಲ. ನನಗೆ ಇದು ಗೊತ್ತಿರಲಿಲ್ಲ. ನನ್ನ ಕಣ್ಣೆದುರೇ ಕೊರೆದರು, ನಾನು ಪಕ್ಕದಲ್ಲೇ ನಿಂತು ನೋಡಿದೆ, ಕೊರೆಯುತ್ತಿದ್ದ ಹುಡುಗನಿಗೆ ಕಾಫಿಯನ್ನೂ ಮಾಡಿಕೊಟ್ಟೆ.

ನಮ್ಮದು ಮೈಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಹಳೆಯದಾದ ಮನೆ. ಒಲೆಯ ಹಿಂದೆ ಬಿಳಿ ಟೈಲ್ಸ್ ಇತ್ತು, ಅದರ ಸಂದುಗಳಲ್ಲಿ ಒಗ್ಗರಣೆಯ ಎಣ್ಣೆಯೂ ಅರಿಶಿನವೂ ಸೇರಿಕೊಂಡು, ಅಡುಗೆ ಸೋಡಾ ಹಾಕಿ ಹಳೆಯ ಬ್ರಷ್ಷಿನಲ್ಲಿ ಎಷ್ಟು ತಿಕ್ಕಿದರೂ ಬಿಡದಂತಾಗಿತ್ತು. ಕಳೆದ ವರ್ಷ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವಾಗ ನಮ್ಮ ಅತ್ತೆ, ‘ಟೈಲ್ಸನ್ನೇ ಹಾಕಿಸಮ್ಮ, ಬೆಂಕಿಯ ಹತ್ತಿರ ಗಾಜು ಯಾಕೆ ಬೇಕು’ ಎಂದು ಒಂದಲ್ಲ, ಮೂರು ಸಲ ಹೇಳಿದರು. ನಾನು ಕೇಳಲಿಲ್ಲ. ಸಂದೇ ಇಲ್ಲದ ಗೋಡೆ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು ಎಂಬ ಮಾತು ತಲೆಯಲ್ಲಿ ಕುಳಿತುಬಿಟ್ಟಿತ್ತು.

ಮಾಡ್ಯುಲರ್ ಕಿಚನ್ ಅಂಗಡಿಯ ಮಾಲೀಕರು ಒಂದು ಅಡಿ ಅಗಲದ ಗಾಜಿನ ತುಂಡನ್ನು ಎರಡು ಮರದ ಪಟ್ಟಿಗಳ ಮೇಲಿಟ್ಟು ಅದರ ಮೇಲೆ ಹತ್ತಿ ನಿಂತು ತೋರಿಸಿದರು, ಸುತ್ತಿಗೆಯ ಹಿಡಿಯಿಂದ ಎರಡು ಏಟನ್ನೂ ಕೊಟ್ಟರು. ‘ನೋಡಿ ಮೇಡಂ, ಇದೇ ನಿಮ್ಮ ಮನೆಗೆ ಬರುವ ಮಾಲು, ಕುಕ್ಕರ್ ಸಿಡಿದರೂ ಇದಕ್ಕೆ ಏನೂ ಆಗುವುದಿಲ್ಲ’ ಎಂದರು. ಆ ತುಂಡಿನ ಮೂಲೆಯಲ್ಲಿ ಸಣ್ಣದಾಗಿ ಒಂದು ಮುದ್ರೆ ಇತ್ತು. ಅದು ಏನೆಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಎರಡು ಅಡಿ ಎತ್ತರ, ಎರಡೂ ಗೋಡೆ ಸೇರಿ 14 ಅಡಿ ಉದ್ದ, ಒಟ್ಟು 28 ಚದರ ಅಡಿ, ಅಡಿಗೆ 520 ರೂಪಾಯಿಯಂತೆ 14,560 ರೂಪಾಯಿ. ಎಸ್ಟಿಮೇಟನ್ನು ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಕೈಯಲ್ಲೇ ಬರೆದುಕೊಟ್ಟರು: ‘8 ಎಂ.ಎಂ. ಟಫ್ ಗ್ಲಾಸ್, ಐವರಿ’. ಬಿಲ್ ಬೇಕಾದರೆ ಶೇಕಡಾ 18 ಜಿಎಸ್‌ಟಿ ಬೇರೆ ಕೊಡಬೇಕಾಗುತ್ತದೆ ಎಂದಾಗ ನಾನೂ ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಫಿಟಿಂಗ್ ದಿನ ಇಬ್ಬರು ಹುಡುಗರು ಬಂದರು. ಮಿಕ್ಸಿಗೆಂದು ಒಲೆಯ ಬಲಗಡೆ ಇರುವ ಪ್ಲಗ್ ಪಾಯಿಂಟಿನ ಅಳತೆಯನ್ನು ಶೀಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು ಮಾಡಿ, ಒಬ್ಬ ಬಾಟಲಿಯಿಂದ ನೀರು ಹನಿಸುತ್ತಿದ್ದಂತೆ ಇನ್ನೊಬ್ಬ ನಾಲ್ಕು ಮೂಲೆಗೂ ಡ್ರಿಲ್ಲಿನಲ್ಲಿ ತೂತು ಹಾಕಿ, ಕೈಮಷಿನ್ನಿನಿಂದ ಆ ಚೌಕವನ್ನು ಕತ್ತರಿಸಿ ತೆಗೆದ. ಕೆಳಗಿನ ಎಡ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಗಾಜು ಎದ್ದುಬಂತು. ‘ಪ್ಲೇಟ್ ಕೂರಿಸಿದರೆ ಕಾಣಿಸುವುದಿಲ್ಲ ಮೇಡಂ’ ಎಂದ. ನಿಜ, ಕಾಣಿಸಲಿಲ್ಲ. ಉಳಿದ ಹಣವನ್ನು ಅಂದು ಸಂಜೆಯೇ ಕಳುಹಿಸಿಬಿಟ್ಟೆ.

ಎರಡು ದಿನ ಅಡುಗೆಮನೆಯೆಲ್ಲ ವಿನೆಗರ್ ವಾಸನೆ ಹೊಡೆಯುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಐವರಿ ಬಣ್ಣದ ಹಿಂದೆ ರೂಪಾಯಿ ನಾಣ್ಯದಷ್ಟು ಅಗಲದ ಹಳದಿ ಕಲೆಗಳು ಸಾಲಾಗಿ ಮೂಡಿದವು. ಫೋನ್ ಮಾಡಿದರೆ ‘ನಿಮ್ಮ ಗೋಡೆಯಲ್ಲಿ ತೇವ ಇದೆ ಮೇಡಂ’ ಎಂಬ ಉತ್ತರ ಬಂತು. ಅದು ತೇವವಲ್ಲ. ಗಾಜನ್ನು ಗೋಡೆಗೆ ಅಂಟಿಸಲು ಹುಳಿ ವಾಸನೆಯ ಅಗ್ಗದ ಸಿಲಿಕಾನ್ ಅಂಟು ಹಚ್ಚಿದರೆ ಅದರ ಆಮ್ಲ ಗಾಜಿನ ಹಿಂದಿನ ಬಣ್ಣವನ್ನು ಕೆಡಿಸುತ್ತದೆ, ಬಣ್ಣದ ಗಾಜಿಗೆ ನ್ಯೂಟ್ರಲ್ ಸಿಲಿಕಾನನ್ನೇ ಬಳಸಬೇಕು. ಇದೂ ನನಗೆ ತಡವಾಗಿಯೇ ಗೊತ್ತಾಯಿತು. ಆದರೆ ಕಲೆಯ ಮಾತು ಬಿಡಿ, ಕಲೆಯಿಂದ ಯಾರಿಗೂ ಗಾಯವಾಗುವುದಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಅತ್ತೆ ದೊಡ್ಡ ಬರ್ನರಿನ ಮೇಲೆ ಬಾಣಲೆಯಿಟ್ಟು ಚಕ್ಕುಲಿ ಕರಿಯುತ್ತಿದ್ದರು. ನಾಲ್ಕನೆಯ ಸರದಿಯೋ ಐದನೆಯದೋ ಇರಬೇಕು, ‘ಟಪ್’ ಎಂದು ಶಬ್ದವಾಯಿತು. ಕುಕ್ಕರಿನ ಸೇಫ್ಟಿ ವಾಲ್ವ್ ಹೋಯಿತೆಂದುಕೊಂಡು ಒಳಗೆ ಓಡಿದೆ. ಪ್ಲಗ್ ಪಾಯಿಂಟಿನ ಕೆಳಗಿನ ಎಡ ಮೂಲೆಯಿಂದ, ಸರಿಯಾಗಿ ಆ ಅಕ್ಕಿಕಾಳಿನಷ್ಟು ಗಾಜು ಎದ್ದಿದ್ದ ಜಾಗದಿಂದಲೇ, ಒಂದು ಬಿರುಕು ಒಲೆಯ ಹಿಂದೆ ಬಾಗುತ್ತಾ ಹೋಗಿ ಕಟ್ಟೆಯನ್ನು ಮುಟ್ಟಿತ್ತು.

ಅಂಗಡಿಯವರಿಗೆ ಫೋಟೋ ಕಳುಹಿಸಿದೆ. ಬಂದ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು, ‘ಬಿಸಿ ಗಾಜಿನ ಮೇಲೆ ತಣ್ಣೀರು ಎರಚಿದ್ದೀರಿ’. ಇಲ್ಲ ಎಂದೆ. ಆಮೇಲೆ, ‘ಒಲೆಯನ್ನು ಗೋಡೆಗೆ ಒತ್ತಿ ಇಟ್ಟಿದ್ದೀರಿ’. ಒಲೆಯ ಜಾಗ ಗುರುತು ಮಾಡಿದವರು ಅವರೇ. ಮತ್ತೆ, ‘ಹಳೆಯ ಮನೆ, ಗೋಡೆ ಕುಸಿದಿರುತ್ತದೆ’. ಕೊನೆಗೆ, ‘ಅಷ್ಟು ದೊಡ್ಡ ಬಾಣಲೆ ಯಾಕೆ ಇಟ್ಟಿರಿ?’ ಅಡುಗೆಮನೆಯ ಗೋಡೆಗೆಂದೇ ಮಾರಿದ ಗಾಜಿನ ಮುಂದೆ ಬಾಣಲೆ ಇಡಬಾರದಂತೆ! ಮನೆಗೆ ಬಂದು ನೋಡಿ ಎಂದು ಎಂಟು ದಿನ ಕರೆದೆ, ಯಾರೂ ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಬಿರುಕಿನ ಕೆಳಗಿನ ತುಂಡು, ಗೇಣುದ್ದದ್ದು, ತಾನಾಗಿಯೇ ಕಳಚಿ ಕಟ್ಟೆಯ ಮೇಲೆ ಬಿತ್ತು. ಅದರ ಚೂರು ಪಕ್ಕದಲ್ಲಿದ್ದ ದೋಸೆ ಹಿಟ್ಟಿನ ಪಾತ್ರೆಗೂ ಸಿಡಿದಿತ್ತು, ಹಿಟ್ಟನ್ನೆಲ್ಲ ಚೆಲ್ಲಿದೆ. ಅತ್ತೆ ಆಗತಾನೇ ಕಾವಲಿ ತರಲು ಪಕ್ಕಕ್ಕೆ ಸರಿದಿದ್ದರು. ಆ ತುಂಡಿನ ತುದಿ ಚಾಕುವಿನ ಹಾಗೆ ಚೂಪಾಗಿತ್ತು. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಆ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಬೇರೊಂದು ಗಾಜಿನ ಅಂಗಡಿಗೆ ಹೋದೆ. ಅಲ್ಲಿನ ಹಿರಿಯ ಕೆಲಸಗಾರರು ಅಂಚನ್ನು ನೋಡಿದ ಕೂಡಲೇ ‘ಇದು ಮಾಮೂಲಿ ಗಾಜಮ್ಮ, ಹಿಂದೆ ಬಣ್ಣ ಹೊಡೆದಿದ್ದಾರೆ ಅಷ್ಟೇ’ ಎಂದರು. ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಜೋರಾಗಿ ಗಾಳಿ ಹಾಯಿಸಿ ಒಮ್ಮೆಲೇ ತಣಿಸುತ್ತಾರೆ. ಅದರಿಂದ ಗಾಜಿನ ಹೊರಮೈ ಬಿಗಿದುಕೊಂಡು ಒಳಗೆ ಎಳೆತ ಉಳಿಯುತ್ತದೆ, ಹೀಗಾಗಿ ಅದು ಮಾಮೂಲಿ ಗಾಜಿಗಿಂತ ಹೆಚ್ಚು ಶಾಖ ತಡೆಯುತ್ತದೆ, ಒಡೆದರೂ ಮೊಂಡಾದ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ. ಕಿಂಡಿ, ತೂತು, ಅಳತೆ ಎಲ್ಲವನ್ನೂ ಕುಲುಮೆಗೆ ಹೋಗುವ ಮೊದಲೇ ಮಾಡಿ ಮುಗಿಸಬೇಕು. ‘ಟಫನ್ಡ್ ಆದ ಮೇಲೆ ಡ್ರಿಲ್ ಹಾಕಿದರೆ ಇಡೀ ಶೀಟೇ ಪುಡಿಪುಡಿ ಆಗುತ್ತೆ. ನಿಮ್ಮ ಮನೆಯಲ್ಲಿ ಕೊರೆದರು ಅಂದರಲ್ಲ, ಅಲ್ಲೇ ಗೊತ್ತಾಗಬೇಕಿತ್ತಮ್ಮ’ ಎಂದರು. ಮಾಮೂಲಿ ಗಾಜಿನಲ್ಲಿ ಬಾಣಲೆಯ ಹಿಂದಿನ ಭಾಗ ಮಾತ್ರ ಕಾದು ಹಿಗ್ಗುತ್ತದೆ, ಸುತ್ತಲಿನದು ತಣ್ಣಗೇ ಇರುತ್ತದೆ, ಎದ್ದುಹೋದ ಮೂಲೆ ಎಲ್ಲಿದೆಯೋ ಅಲ್ಲಿಂದ ಬಿರಿಯುತ್ತದೆ. ಅವರು ಸ್ಕೇಲ್ ಇಟ್ಟು ಅಳೆದರು. ದಪ್ಪ 6 ಎಂ.ಎಂ.

ಆ ಮಾತು ಕೇಳಿದಾಗ ಆದ ಅವಮಾನವನ್ನು ಹೇಗೆ ಹೇಳಲಿ? ಡ್ರಿಲ್ಲಿನ ಸದ್ದು, ಹನಿಸುತ್ತಿದ್ದ ನೀರು, ನಾನು ಹಿಡಿದು ನಿಂತಿದ್ದ ಕಾಫಿ ಲೋಟ, ಎಲ್ಲ ಕಣ್ಣ ಮುಂದೆ ಬಂತು. ಮೋಸವನ್ನು ಮುಚ್ಚಿಟ್ಟು ಮಾಡಿರಲಿಲ್ಲ, ನನ್ನ ಎದುರಿಗೇ ಮಾಡಿದ್ದರು, ನನಗೆ ತಿಳಿಯದು ಎಂಬ ಧೈರ್ಯದಿಂದ ಮಾಡಿದ್ದರು.

ನೇರವಾಗಿ ಅಂಗಡಿಗೆ ಹೋಗಿ ಎಸ್ಟಿಮೇಟ್ ತೋರಿಸಿದೆ. ‘ಟಫನ್ಡ್ ಎಂದು ಎಲ್ಲಿ ಬರೆದಿದ್ದೇನೆ ಮೇಡಂ? ಟಫ್ ಎಂದು ಬರೆದಿದ್ದೇನೆ, ಟಫ್ ಎಂದರೆ ಗಟ್ಟಿ’ ಎಂದರು. 8 ಎಂ.ಎಂ. ಎಂದಿದೆಯಲ್ಲ ಎಂದರೆ, ‘ಬಣ್ಣ, ಗಮ್ ಎಲ್ಲ ಸೇರಿ ಎಂಟಾಗುತ್ತದೆ’ ಎಂದರು. ಹತ್ತಿ ನಿಂತು ತೋರಿಸಿದ್ದ ಆ ತುಂಡು ಮೇಜಿನ ಮೇಲೆಯೇ ಇತ್ತು. ಹಾಗಾದರೆ ನನ್ನ ಗಾಜಿನಲ್ಲಿ ಈ ಮುದ್ರೆ ಎಲ್ಲಿ ಎಂದು ಕೇಳಿದಾಗ ಉತ್ತರ ಕೊಡದೆ, ‘ಹೋಗಲಿ, ಅರ್ಧ ರೇಟಿಗೆ ಹೊಸದು ಹಾಕಿಕೊಡುತ್ತೇನೆ’ ಎಂದರು. ಅವರದೇ ಮೋಸಕ್ಕೆ ನಾನು ಮತ್ತೆ ಅರ್ಧ ಹಣ ಕೊಡಬೇಕಂತೆ!

ಗಾಜೇ ಬೇಕು ಎನ್ನುವವರು ‘ಟಫನ್ಡ್’ ಎಂಬ ಪದವನ್ನೂ ದಪ್ಪವನ್ನೂ ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ, ತೆರಿಗೆ ಉಳಿಸುವ ಆಸೆಗೆ ಬೀಳಬೇಡಿ. ಪ್ಲಗ್ ಪಾಯಿಂಟಿನ ಅಳತೆ ಮೊದಲೇ ತೆಗೆದುಕೊಂಡು ಹೋಗಿ ಕಿಂಡಿ ಸಹಿತ ತರಲು ಹೇಳಿ. ಶೀಟಿನ ಮೂಲೆಯಲ್ಲಿ ಐಎಸ್ 2553 ಎಂಬ ಸಂಖ್ಯೆಯಿರುವ ಐಎಸ್‌ಐ ಮುದ್ರೆಯನ್ನು ನೋಡಿ, ಅದೂ ತೋರಿಸಿದ ಸ್ಯಾಂಪಲ್ಲಿನಲ್ಲಿ ಅಲ್ಲ, ನಿಮ್ಮ ಗೋಡೆಗೆ ಹಾಕುವ ಶೀಟಿನಲ್ಲಿ. ಅಂಗಡಿಯವರು ಗಾಜಿನ ಮೇಲೆ ಹತ್ತಿ ನಿಂತು ತೋರಿಸಿದರೆ ದಯವಿಟ್ಟು ನಂಬಬೇಡಿ.

ನಾವು ಗಾಜನ್ನೆಲ್ಲ ತೆಗೆಸಿ ಟೈಲ್ಸ್ ಹಾಕಿಸಿದ್ದೇವೆ, ಸಂದುಗಳಿಗೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸಿದ್ದೇವೆ. ಇಲ್ಲಿಯವರೆಗೆ ಅರಿಶಿನ ಹಿಡಿದಿಲ್ಲ, ಇಷ್ಟು ಮೊದಲೇ ಗೊತ್ತಿದ್ದರೆ ಗಾಜಿನ ಯೋಚನೆಯೇ ಬರುತ್ತಿರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಅದಕ್ಕೆ ಅಂಗಡಿಯವರು ‘ಗ್ರಾಹಕರ ನಿರ್ಲಕ್ಷ್ಯ’ ಎಂದು ಒಂದು ಸಾಲಿನ ಉತ್ತರ ಬರೆದರು. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ ಇಲ್ಲದಿದ್ದರೂ ಎಸ್ಟಿಮೇಟ್ ಇದೆ, ಹಣ ಕಳುಹಿಸಿದ ದಾಖಲೆ ಇದೆ, ಅವರ ಉತ್ತರಗಳೆಲ್ಲ ಫೋನಿನಲ್ಲಿವೆ. ಆ ಗೇಣುದ್ದದ ತುಂಡನ್ನು ಪೇಪರಿನಲ್ಲಿ ಸುತ್ತಿ, ಕೈ ತಾಗದಂತೆ ಸ್ಟೀಲ್ ಡಬ್ಬಿಯೊಳಗಿಟ್ಟು ಅಟ್ಟದ ಮೇಲೆ ಇಟ್ಟಿದ್ದೇನೆ, ವಿಚಾರಣೆಯ ದಿನ ಅದನ್ನು ಜೊತೆಗೆ ತೆಗೆದುಕೊಂಡು ಹೋಗುತ್ತೇನೆ.