ಬೋರ್ಮ ಇರುವ ಅಂಗಡಿ, ವ್ಯಾನಿಗೆ ಕಾಯುವ ಅಂಗಡಿ

ಮುಂದೆ ಗಾಜಿನ ಬೇಕರಿ ಕೌಂಟರು, ಹಿಂದೆ ಹತ್ತು ಹನ್ನೆರಡು ಮೇಜಿನ ಎಸಿ ರೆಸ್ಟೋರೆಂಟು. ಕಾಸರಗೋಡು ಪೇಟೆಯ ಇಂಥ ಎರಡು ದುಬಾರಿ ಅಂಗಡಿಗಳಲ್ಲಿ ಬೇರೆ ಬೇರೆ ಹೊತ್ತಿಗೆ ತಿಂದು ನೋಡಿದ್ದು ಇದು. ಹೆಸರು ಬೇಡ. ಒಂದರ ಬೋರ್ಮ, ಅಂದರೆ ಬೇಕರಿಯ ದೊಡ್ಡ ಒಲೆ, ಅಡುಗೆಮನೆಗೆ ತಾಗಿಕೊಂಡೇ ಇದೆ. ಇನ್ನೊಂದಕ್ಕೆ ಬೇಕರಿ ಮಾಲು ಬೆಳಗ್ಗೆ ಮಂಗಳೂರಿನಿಂದ ವ್ಯಾನಿನಲ್ಲಿ ಬರುತ್ತದೆ. ಎರಡರ ಬಗ್ಗೆಯೂ ಒಬ್ಬರು ‘ಸೂಪರ್’ ಅನ್ನುತ್ತಾರೆ, ಇನ್ನೊಬ್ಬರು ‘ದುಡ್ಡು ದಂಡ’ ಅನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ, ಹೋದ ಹೊತ್ತು ಬೇರೆ, ಅಷ್ಟೆ.

ಬೋರ್ಮ ಇದ್ದಲ್ಲೇ ಎಲ್ಲವೂ ಚೆನ್ನಾಗಿರಬೇಕು ಅಂದುಕೊಂಡರೆ ಮೊದಲ ಪೆಟ್ಟು ಕ್ರೊಸಾಂಟಿನಲ್ಲಿ ಬೀಳುತ್ತದೆ. ಅದರ ಹಿಟ್ಟನ್ನು ಬೆಣ್ಣೆ ಹಾಳೆಯ ಜೊತೆ ಮೂರು ಸಲ, ಪ್ರತಿ ಸಲ ಮೂರು ಮಡಿಕೆ ಮಡಿಸಿದರೆ 27 ಬೆಣ್ಣೆ ಪದರ ಬರುತ್ತದೆ. ಆಗ ಬೆಣ್ಣೆ 15 ಡಿಗ್ರಿ ಆಸುಪಾಸಿನಲ್ಲಿ ಇರಬೇಕು. ತೀರಾ ತಣ್ಣಗಿದ್ದರೆ ತುಂಡಾಗುತ್ತದೆ, ಬಿಸಿಯಾದರೆ ಹಿಟ್ಟಿಗೆ ಇಳಿದುಬಿಡುತ್ತದೆ. ಪಕ್ಕದಲ್ಲೇ ಬಿರಿಯಾನಿ ದಮ್ ಕೂತಿರುವ ಅಡುಗೆಮನೆಯಲ್ಲಿ ಇದು ಆಗುವ ಮಾತಲ್ಲ. ಅಲ್ಲಿಯ ಕ್ರೊಸಾಂಟನ್ನು ಅಡ್ಡ ಕೊಯ್ದರೆ ಜೇನುಗೂಡಿನ ಹಾಗೆ ತೂತುಗಳಿಲ್ಲ, ಬನ್ನಿನ ಹಾಗೆ ಒತ್ತಾಗಿದೆ. ಕೆಳಗಿನ ಕಾಗದ ಎಣ್ಣೆ ಕುಡಿದು ಪಾರದರ್ಶಕವಾಗಿರುತ್ತದೆ. ವ್ಯಾನಿನವರ ಕ್ರೊಸಾಂಟ್ ಫ್ರೀಜರಿನಲ್ಲಿ ಗಟ್ಟಿಯಾದ ಹಿಟ್ಟಾಗಿ ಬಂದು ಇಲ್ಲಿಯ ಸಣ್ಣ ಕರೆಂಟ್ ಒವನಿನಲ್ಲಿ ಬೇಯುತ್ತದೆ. ಮುರಿದರೆ ಪದರ ಉದುರುತ್ತದೆ, ಒಳಗೆ ಗೂಡು ಸರಿಯಾಗಿ ಬಿಡಿಸಿಕೊಂಡಿರುತ್ತದೆ. ಹನ್ನೊಂದು ಗಂಟೆಯ ಒಳಗೆ ತಿಂದರೆ ಮಾತ್ರ. ಸಂಜೆಗೆ ಅದೇ ಕ್ರೊಸಾಂಟ್ ಒದ್ದೆ ರಟ್ಟು.

ಬ್ರೆಡ್ಡಿನಲ್ಲಿ ತಕ್ಕಡಿ ತಿರುಗುತ್ತದೆ. ಬೋರ್ಮದ ಸೋರ್‌ಡೋ, ಅಂದರೆ ಹುಳಿ ಹಿಟ್ಟಿನ ಬ್ರೆಡ್ಡಿನ ಹೊರಗಿನ ತೊಗಟೆ, ಹದವಾದ ಹುಳಿ ಎರಡಕ್ಕೂ ವ್ಯಾನಿನ ಬ್ರೆಡ್ ಸಾಟಿಯೇ ಅಲ್ಲ. ಆದರೆ ಅವಸರದ ಗಿರಾಕಿಗೆ ಬಿಸಿಯಿರುವಾಗಲೇ ಮಿಷನ್ನಿಗೆ ಕೊಟ್ಟು ಸ್ಲೈಸ್ ಮಾಡುತ್ತಾರೆ. ಒಳಗಿನ ಹಬೆ ಇಳಿದು ಪಿಷ್ಟ ಗಟ್ಟಿಯಾಗಲು ಎರಡು ಗಂಟೆಯಾದರೂ ಬೇಕು. ಅದಕ್ಕೆ ಮೊದಲೇ ಕೊಯ್ದರೆ ನಡುಭಾಗ ಅಂಟಂಟು, ‘ಬೆಂದೇ ಇಲ್ಲ’ ಅನ್ನುವ ದೂರು ಬರುವುದು ಹೀಗೆ. ಇಡೀ ಬ್ರೆಡ್ ಕೇಳಿ ತೆಗೆದುಕೊಳ್ಳಿ, ಮನೆಯಲ್ಲಿ ಕೊಯ್ಯಿರಿ. ಫ್ರಿಜ್ಜಿನಲ್ಲಿ ಇಡಬೇಡಿ, ಬ್ರೆಡ್ ಬೇಗ ಬಿರುಸಾಗುವುದು ಆ ತಣ್ಣಗಿನಲ್ಲೇ. ಬೇಸಿಗೆಯಲ್ಲಿ ಬಟ್ಟೆ ಸುತ್ತಿ ಎರಡು ದಿನ ಹೊರಗಿಡಬಹುದು. ಮಳೆಗಾಲದ ಆಟಿ ತಿಂಗಳಲ್ಲಿ ಒಂದೇ ದಿನ, ಉಳಿದದ್ದು ಫ್ರೀಜರಿಗೆ.

ಮೊಟ್ಟೆ ಪಫ್ಸ್ ಎರಡೂ ಕಡೆ ಮಾರ್ಗರೀನಿನದೇ, ಬೆಣ್ಣೆಯ ಬದಲಿಗೆ ಹಾಕುವ ಕೊಬ್ಬು ಅದು. ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ, ಪಫ್ಸಿನ ಮಾರ್ಗರೀನ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಅಂಗುಳಿಗೆ ಮೇಣ ಹತ್ತಿದ ಹಾಗಾಗುವುದು ಅದರಿಂದ. ಬಿಸಿ ತಟ್ಟೆ ಹೊರಬರುವ ಹೊತ್ತಿಗೆ, ಬೋರ್ಮದಲ್ಲಿ ಹತ್ತೂವರೆಗೆ ಮತ್ತು ನಾಲ್ಕಕ್ಕೆ, ಹೋದರೆ ಇದು ಗೊತ್ತಾಗುವುದೇ ಇಲ್ಲ. ಆರಿದ ಮೇಲೆ ವ್ಯಾನಿನವರು ಮೈಕ್ರೋವೇವಿಗೆ ಇಡುತ್ತಾರೆ. ಒಳಗಿನ ಪಲ್ಯದ ನೀರು ಹಬೆಯಾಗಿ ಪದರಕ್ಕೆ ಹತ್ತಿ ಪಫ್ಸ್ ಮೆತ್ತಗಾಗುತ್ತದೆ. ‘ಒವನಿನಲ್ಲಿ ಐದು ನಿಮಿಷ ಇಡಿ’ ಅಂತ ಹೇಳಿದರೆ ಮುಖ ಸಿಂಡರಿಸಿದರೂ ಮಾಡಿಕೊಡುತ್ತಾರೆ.

ಊಟಕ್ಕೆ ಬೋರ್ಮದ ಅಂಗಡಿಯೇ ಮೇಲು, ಆದರೆ ಮಧ್ಯಾಹ್ನಕ್ಕೆ ಮಾತ್ರ. ಅಲ್ಲಿಯ ಚಿಕನ್ ಬಿರಿಯಾನಿ ಸಣ್ಣ ಕಾಳಿನ ಕಯಮ ಅಕ್ಕಿಯದು, ಮುಚ್ಚಿಟ್ಟ ಚೆಂಬಿನ ದಮ್ ಹನ್ನೆರಡೂವರೆಗೆ ಒಡೆಯುತ್ತದೆ. ಒಂದು ಗಂಟೆಗೆ ಬಡಿಸಿದ ತಟ್ಟೆಯಲ್ಲಿ ಅನ್ನ ಬಿಡಿಬಿಡಿ, ತುಪ್ಪ ಮತ್ತು ಹುರಿದ ಈರುಳ್ಳಿಯ ಘಮ. ಎರಡೂವರೆಗೆ ಚೆಂಬಿನ ತಳದ್ದು ಬರುತ್ತದೆ, ಮಸಾಲೆ ನೀರು ಕುಡಿದ ಮುದ್ದೆ. ಬೆಲೆ ಒಂದೇ. ವ್ಯಾನಿನವರದು ಬಾಸುಮತಿ ಅನ್ನದ ಮೇಲೆ ಗ್ರೇವಿ ಸುರಿದದ್ದು. ಬಿರಿಯಾನಿ ಅಂತ ಕರೆಯಲು ಕಾಸರಗೋಡಿನಲ್ಲಿ ಧೈರ್ಯ ಬೇಕು.

ಅಂಜಲ್ ಮೀನಿನ ಗ್ರಿಲ್ ಎರಡೂ ಕಡೆ ಮೆನುವಿನಲ್ಲಿ ವರ್ಷವಿಡೀ ಇದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಯಂತ್ರದ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆ 52 ದಿನ ಐಸಿನ ಅಥವಾ ಫ್ರೀಜರಿನ ತುಂಡು ಸಿಗುವ ಸಂಭವವೇ ಹೆಚ್ಚು. ಸರಿಯಾಗಿ ಕರಗಿಸದ ಮೀನು ಕಾವಲಿಯ ಮೇಲೆ ನೀರು ಬಿಡುತ್ತದೆ, ಕೆಂಪಾಗುವ ಬದಲು ಬೇಯುತ್ತದೆ. ತಟ್ಟೆಯಲ್ಲಿ ಬಿಳಿ ನೀರು ನಿಂತಿದ್ದರೆ ಇದೇ ಕಾರಣ. ಆ ದಿನಗಳಲ್ಲಿ ಮೀನು ಕೇಳದಿರುವುದೇ ಜಾಣತನ. ಪಾಸ್ತಾ ಎರಡೂ ಕಡೆ ಮೊದಲೇ ಬೇಯಿಸಿಟ್ಟದ್ದು, ಹೆಚ್ಚು ಹೇಳಲಿಕ್ಕಿಲ್ಲ.

ಸಂಜೆ ಐದರಿಂದ ಏಳರ ನಡುವೆ ಊಟದ ಆರ್ಡರ್ ಕೊಡಬೇಡಿ. ಚಾಯ ಕಡಿಯ, ಅಂದರೆ ಚಹಾ ತಿಂಡಿಯ, ಗಿರಾಕಿಗಳು ಮುಗಿಬೀಳುವ ಹೊತ್ತು, ಕೌಂಟರಿಗೂ ಮೇಜಿಗೂ ಅದೇ ಕೆಲಸದ ಹುಡುಗರು. ಬೋರ್ಮದಲ್ಲಿ ನಲವತ್ತು ನಿಮಿಷ ಕಾಯಬೇಕಾಯಿತು, ವ್ಯಾನಿನವರಲ್ಲಿ ಇಪ್ಪತ್ತು. ಮಾತಿನಲ್ಲಿ ತುಳು, ಮಲಯಾಳ, ಕನ್ನಡ ಯಾವುದೂ ನಡೆಯುತ್ತದೆ. ಮೆನುವಿನಲ್ಲಿ ಮಾತ್ರ ಕನ್ನಡ ಎರಡೂ ಕಡೆ ಇಲ್ಲ.

ವ್ಯಾನಿನವರ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿ ಸೇರಿಕೊಂಡಿರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಹೇಳಿದರೆ ತೆಗೆಯುತ್ತಾರೆ.

ಬರ್ತ್‌ಡೇ ಕೇಕಿಗೆ ಎಲ್ಲಿಗೆ ಅಂದರೆ, ಕೇಕ್ ಎಷ್ಟು ದೂರ ಹೋಗಬೇಕು ಎಂದು ಮೊದಲು ಲೆಕ್ಕ ಹಾಕಿ. ಬೋರ್ಮದವರು ಹಿಂದಿನ ದಿನ ಹೇಳಿದರೆ ಹಾಲಿನ ಕ್ರೀಮ್ ಹಾಕುತ್ತಾರೆ. ರುಚಿಯೇ ಬೇರೆ, ಆದರೆ ಹೊರಗಿನ ಸೆಕೆಯಲ್ಲಿ ಅರ್ಧ ಗಂಟೆಗೇ ಅಂಚು ಜಾರುತ್ತದೆ. ವ್ಯಾನಿನವರದು ಸಸ್ಯ ಕೊಬ್ಬಿನ ಕ್ರೀಮ್, ನಾಲಿಗೆಗೆ ಸಪ್ಪೆ, ಆದರೆ ಗಟ್ಟಿ. ಪೇಟೆಯಲ್ಲೇ ಕತ್ತರಿಸುವುದಾದರೆ ಬೋರ್ಮದ್ದು. ಬಸ್ಸಿನಲ್ಲಿ ಬದಿಯಡ್ಕಕ್ಕೋ ಪೆರ್ಲಕ್ಕೋ ಮಡಿಲಲ್ಲಿಟ್ಟು ಒಯ್ಯುವುದಾದರೆ ವ್ಯಾನಿನವರದು.