ಶಿವಮೊಗ್ಗದ ಒಂದು ಸ್ಕ್ಯಾನಿಂಗ್ ಸೆಂಟರ್: ಮೂರು ಸ್ಟಾರ್

ಹೆಸರು ಹಾಕುವುದಿಲ್ಲ, ಅಲ್ಲಿನವರು ಕೆಟ್ಟವರಲ್ಲ. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಸಿ.ಟಿ. ಮುಗಿಯುತ್ತದೆ. ವೀಲ್‌ಚೇರ್ ಇದೆ, ಹುಡುಗರು ಕೈಹಿಡಿದು ಕರೆದೊಯ್ಯುತ್ತಾರೆ. ರಿಪೋರ್ಟ್ ಒಂದೇ ಗಂಟೆಯಲ್ಲಿ ಕೈಗೆ ಬಂತು.

ತಕರಾರು ಇರುವುದು ಆ ರಿಪೋರ್ಟಿನಲ್ಲೇ.

ಅಪ್ಪಯ್ಯನಿಗೆ 76. ಎಡಗಾಲು ಎಳೆದು ನಡೆಯತೊಡಗಿದರು. ಊರಿನ ಡಾಕ್ಟರು ಚೀಟಿಯಲ್ಲಿ 'ಸ್ಟ್ರೋಕ್?' ಅಂತ ಬರೆದುಕೊಟ್ಟರು. ಸೆಂಟರಿನವರು ಸ್ಟ್ರೋಕನ್ನೇ ಹುಡುಕಿದರು. ಒಂದು ಸಿಕ್ಕಿತು ಕೂಡ, ಯಾವಾಗಲೋ ಆಗಿಹೋದ ಚಿಕ್ಕ ಕಲೆ. ಹುಡುಕಾಟ ಅಲ್ಲಿಗೇ ನಿಂತಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಶುರುವಾಯಿತು.

ಸ್ಕ್ಯಾನಿಗೆ ಮೂರು ವಾರ ಮೊದಲು ಅಪ್ಪಯ್ಯ ತೋಟದ ಸಂಕದ (ಕಾಲುಸೇತುವೆಯ) ಮೇಲೆ ಜಾರಿಬಿದ್ದಿದ್ದರು. ಹಾವಸೆ ಕಟ್ಟಿತ್ತು. ತಲೆ ಸ್ವಲ್ಪ ಊದಿತ್ತು, ಎಣ್ಣೆ ಹಚ್ಚಿ ಮರೆತೆವು. ಅದನ್ನು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಾಲ್ಕು ದಿನಕ್ಕೆ ಅಪ್ಪಯ್ಯನಿಗೆ ಮಂಪರು ಜಾಸ್ತಿಯಾಯಿತು. ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ನ್ಯೂರೋಸರ್ಜನ್ ಮೊದಲು ಕೇಳಿದ್ದೇ "ಎಲ್ಲಾದರೂ ಬಿದ್ದಿದ್ರಾ?" ಅಂತ. ಸೆಂಟರಿನವರು ಕೊಟ್ಟ ಅದೇ ಸ್ಕ್ಯಾನಿನ ಸಿ.ಡಿ. ಹಾಕಿ ತೋರಿಸಿದರು. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ, ಅದರ ಮೇಲಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಚಿಕ್ಕ ಪೆಟ್ಟಿಗೂ ಹರಿದು ರಕ್ತ ಮೆಲ್ಲಗೆ ಸೋರುತ್ತದೆ. ಹೊಸ ರಕ್ತ ಸಿ.ಟಿ.ಯಲ್ಲಿ ಬೆಳ್ಳಗೆ, ತೀರಾ ಹಳೆಯದು ಕಪ್ಪಗೆ. ನಡುವೆ, ಎರಡು ಮೂರು ವಾರದ ಹೊತ್ತಿಗೆ, ಮಿದುಳಿನದೇ ಬೂದು ಬಣ್ಣ! ಬಲಗಡೆ ಮಿದುಳಿನ ಮಡಿಕೆಗಳು ತಲೆಬುರುಡೆಯಿಂದ ಒಳಕ್ಕೆ ಸರಿದಿದ್ದವು. ತೋರಿಸಿದ ಮೇಲೆ ಅಡಿಕೆ ಸುಲಿಯುವ ನನಗೂ ಕಾಣಿಸಿತು.

ನಾನು ಸೆಂಟರಿನವರನ್ನು ಬೈಯಲು ಶುರುಮಾಡಿದೆ. "ಗೊತ್ತಾದ ಮೇಲೆ ಎಲ್ಲರಿಗೂ ಕಾಣುತ್ತೆ ಬಿಡಿ" ಅಂದರು ಸರ್ಜನ್. 2013ರಲ್ಲಿ ಅಮೆರಿಕದ ಸಂಶೋಧಕರು ಮಾಡಿದ ಪರೀಕ್ಷೆಯೊಂದರ ಕತೆ ಹೇಳಿದರು. ಶ್ವಾಸಕೋಶದ ಸಿ.ಟಿ.ಯಲ್ಲಿ ಗಂಟು ಹುಡುಕಿ ಅಂತ 24 ರೇಡಿಯಾಲಜಿಸ್ಟುಗಳಿಗೆ ಕೊಟ್ಟು, ಚಿತ್ರದೊಳಗೆ ಗೊರಿಲ್ಲಾ ಸೇರಿಸಿದ್ದರಂತೆ, ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನರಿಗೆ ಅದು ಕಾಣಲೇ ಇಲ್ಲವಂತೆ. ಅಪ್ಪಯ್ಯನ ತಲೆಯಲ್ಲೂ ಗೊರಿಲ್ಲಾ ಕೂತಿತ್ತು, ಅಲ್ವಾ?

ಆಸ್ಪಿರಿನ್ ನಿಲ್ಲಿಸಿ, ಬುರುಡೆಗೆ ತೂತು ಕೊರೆದು ರಕ್ತ ತೆಗೆದರು. ಈಗ ಸಂಕಕ್ಕೆ ಹಗ್ಗ ಕಟ್ಟಿದ್ದೇವೆ, ಅವರು ಹಿಡಿದುಕೊಳ್ಳುವುದಿಲ್ಲ.

ಸೆಂಟರಿನವರು ಚಿತ್ರ ಮತ್ತೆ ನೋಡಿ, ತಿದ್ದಿದ ರಿಪೋರ್ಟ್ ಕೊಟ್ಟರು, ದುಡ್ಡು ಕೇಳಲಿಲ್ಲ. ಅದಕ್ಕೇ ಮೂರು ಸ್ಟಾರ್. ನಾಲ್ಕು ಕೊಡೋಣ ಅಂತಿದ್ದೆ. ಹೋದ ವಾರ ಅತ್ತೆಯನ್ನು ಕರೆದುಕೊಂಡು ಹೋದಾಗ ಕೌಂಟರಿನ ಫಾರಂ ನೋಡಿದೆ. ಹೆಸರು, ವಯಸ್ಸು, ಫೋನ್ ನಂಬರ್, ಯಾರು ಕಳಿಸಿದ್ದು. ಬಿದ್ದಿದ್ದರಾ ಅಂತ ಕೇಳುವ ಸಾಲು ಇನ್ನೂ ಇಲ್ಲ. ಅತ್ತೆ ಬಚ್ಚಲಲ್ಲಿ ಜಾರಿದ್ದನ್ನು ಫಾರಂನ ಅಂಚಿನಲ್ಲಿ ನಾನೇ ಪೆನ್ನಿನಲ್ಲಿ ಬರೆದುಕೊಟ್ಟೆ.